ಸಮನ್ವಯದ ಹೊರೆ ಮುಖ್ಯಶಿಕ್ಷಕರ ಮೇಜಿನ ಮೇಲೇಕೆ? ಮುಖ್ಯ ಕಾರ್ಯದರ್ಶಿಯವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯ ಕಾರ್ಯದರ್ಶಿಯವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಸರ್ಕಾರಿ ಶಾಲೆಗಳಿಗೆ ಸಂಬಂಧಪಟ್ಟ ಇಲಾಖೆಗಳ ನಡುವೆ ಹೊಂದಾಣಿಕೆ ಇಲ್ಲದಿರುವ ಕುರಿತು

ಮಾನ್ಯರೇ,

ಶಾಲೆಯ ವಿಷಯವೆಂದರೆ ಶಿಕ್ಷಣ ಸಚಿವರಿಗೋ ಆಯುಕ್ತರಿಗೋ ಬರೆಯುವುದು ವಾಡಿಕೆ. ಅದನ್ನು ಬಿಟ್ಟು ತಮಗೇ ಬರೆಯುತ್ತಿರುವುದಕ್ಕೆ ಕಾರಣವಿದೆ. ಒಂದು ಸರ್ಕಾರಿ ಶಾಲೆಯ ಅಂಗಳದಲ್ಲಿ ನಿಂತು ಸುತ್ತ ನೋಡಿದರೆ ಸಾಕು. ಪುಸ್ತಕ ಬಂದದ್ದು ಪಠ್ಯಪುಸ್ತಕ ಸಂಘದಿಂದ. ಅಕ್ಕಿ ಆಹಾರ ನಿಗಮದ ಗೋದಾಮಿನಿಂದ. ಹಾಲಿನ ಪುಡಿ ಹಾಲು ಮಹಾಮಂಡಳದಿಂದ. ನಲ್ಲಿ ಗ್ರಾಮ ಪಂಚಾಯಿತಿಯದು, ಕರೆಂಟಿನ ಮೀಟರು ವಿದ್ಯುತ್ ಕಂಪನಿ ಎಸ್ಕಾಂನದು, ಹೊಸ ಕೊಠಡಿ ಕಟ್ಟಿಸಿದ್ದು ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ, ಬೇಲಿಯಾಚೆಯ ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು. ಮಕ್ಕಳ ವಿದ್ಯಾರ್ಥಿವೇತನ ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಇಲಾಖೆಗಳಲ್ಲಿ ಹಂಚಿಹೋಗಿದೆ. ಮೇಷ್ಟ್ರು ಮಾತ್ರ ಶಿಕ್ಷಣ ಇಲಾಖೆಯವರು. ಅವರ ಸಂಬಳವೂ ಜಿಲ್ಲಾ ಪಂಚಾಯಿತಿಯ ಲೆಕ್ಕಶೀರ್ಷಿಕೆಯಲ್ಲಿ ಬರುತ್ತದೆ.

ಇಷ್ಟೂ ಇಲಾಖೆಗಳ ಮೇಲೆ ಅಧಿಕಾರವಿರುವ ಅಧಿಕಾರಿ ರಾಜ್ಯದಲ್ಲಿ ತಾವೊಬ್ಬರೇ. ಕೆಳಗೆ ಇವೆಲ್ಲ ಒಟ್ಟಿಗೆ ಬಂದು ಸೇರುವ ಜಾಗವೂ ಒಂದೇ, ಅದು ಮುಖ್ಯಶಿಕ್ಷಕರ ಮೇಜು. ಮೇಲೆ ಆಗಬೇಕಾದ ಹೊಂದಾಣಿಕೆ ಆಗದಿದ್ದಾಗ ಅದನ್ನು ಕೆಳಗೆ ಯಾರಾದರೂ ಮಾಡಲೇಬೇಕು. ಮಾಡುತ್ತಿರುವವರು ಮುಖ್ಯಶಿಕ್ಷಕರು, ಅದೂ ಪಾಠದ ಹೊತ್ತಿನಲ್ಲಿ. ನಮ್ಮ ದೂರು ಇದೇ.

ಮೊದಲು ಅಂಕಿಸಂಖ್ಯೆಯ ವಿಷಯ. ತಾಲ್ಲೂಕು ಮತ್ತು ಜಿಲ್ಲಾ ಹಂತದಲ್ಲಿ ಶಾಲೆಯಿಂದ ಮಾಹಿತಿ ಕೇಳುವವರು ಕನಿಷ್ಠ ನಾಲ್ವರು. ಆಡಳಿತಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿ, ಕೇಂದ್ರ-ರಾಜ್ಯಗಳ ಸಮಗ್ರ ಶಿಕ್ಷಣ ಯೋಜನೆಗೆ ಕ್ಷೇತ್ರ ಸಮನ್ವಯಾಧಿಕಾರಿ, ಬಿಸಿಯೂಟಕ್ಕೆ ಅಕ್ಷರ ದಾಸೋಹದ ಸಹಾಯಕ ನಿರ್ದೇಶಕರು, ತರಬೇತಿಗೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಾದ ಡಯಟ್. ಒಬ್ಬರು ತರಿಸಿಕೊಂಡ ಪಟ್ಟಿ ಇನ್ನೊಬ್ಬರ ಮೇಜಿಗೆ ಹೋಗುವುದಿಲ್ಲ. ‘ಇಂದು ಎಷ್ಟು ಮಕ್ಕಳು ಬಂದಿದ್ದಾರೆ’ ಎಂಬ ಒಂದೇ ಸಂಖ್ಯೆ ಹಾಜರಿ ಪುಸ್ತಕಕ್ಕೆ, ಪ್ರತಿ ಮಗುವಿನ ವಿವರವಿರುವ ಇಲಾಖೆಯ ಎಸ್‌ಎಟಿಎಸ್ ತಂತ್ರಾಂಶಕ್ಕೆ, ಬಿಸಿಯೂಟದ ದೈನಂದಿನ ಲೆಕ್ಕಕ್ಕೆ, ಹಾಲಿನ ಪುಡಿಯ ದಾಸ್ತಾನು ವಹಿಗೆ, ಮೊಟ್ಟೆಯ ವಹಿಗೆ, ಕೊನೆಗೆ ಸಮೂಹ ಸಂಪನ್ಮೂಲ ವ್ಯಕ್ತಿಗಳ ವಾಟ್ಸ್‌ಆ್ಯಪ್ ಗುಂಪಿಗೂ ಹೋಗಬೇಕು. ಇದು ದಿನದ ಮಾತು. ವರ್ಷಕ್ಕೊಮ್ಮೆ ಕೇಂದ್ರಕ್ಕೆ ಕೊಡುವ ಶಾಲಾ ಅಂಕಿಅಂಶ, ಯುಡೈಸ್ ಪ್ಲಸ್, ಬೇರೆ ಇದೆ.

ತಂತ್ರಾಂಶದಲ್ಲಿ ಇಲ್ಲದ್ದನ್ನು ಕೇಳಿದರೆ ಅರ್ಥವಿದೆ. ಎಂಟನೇ ತರಗತಿಯಲ್ಲಿ ಪರಿಶಿಷ್ಟ ಜಾತಿಯ ಹೆಣ್ಣುಮಕ್ಕಳು ಎಷ್ಟು ಎಂಬುದು ಎಸ್‌ಎಟಿಎಸ್‌ನಲ್ಲಿ ಮಗುವಿನ ಹೆಸರಿನ ಸಮೇತ ಇದೆ. ಆದರೂ ಅದೇ ಸಂಖ್ಯೆಯನ್ನು ಗೂಗಲ್ ಶೀಟಿನಲ್ಲಿ ‘ಮಧ್ಯಾಹ್ನ 2 ಗಂಟೆಯೊಳಗೆ, ತುರ್ತು’ ಎಂದು ಕೇಳುತ್ತಾರೆ. ಹೀಗಾಗಲು ಮೂರು ಕಾರಣ ಕಾಣುತ್ತದೆ. ಕೇಳುವ ಕಚೇರಿಗೆ ಆ ವರದಿ ನೋಡುವ ಲಾಗಿನ್ ಇರುವುದಿಲ್ಲ. ಇದ್ದರೂ ಮೇಲಿನವರು ಕಳಿಸಿದ ನಮೂನೆಯಲ್ಲಿ ಒಂದು ಕಾಲಂ ಹೆಚ್ಚಿರುತ್ತದೆ. ಮೂರನೆಯದು ಬೇಸರದ್ದು: ತಂತ್ರಾಂಶದ ಸಂಖ್ಯೆಯನ್ನು ಅಧಿಕಾರಿಗಳೇ ನಂಬುವುದಿಲ್ಲ. ನಂಬಿಕೆ ಇಲ್ಲದಿದ್ದರೆ ಒಂದು ಶಾಲೆಗೆ ಹೋಗಿ ತಾಳೆ ನೋಡಬಹುದು. ತಾಲ್ಲೂಕಿನ ಎಲ್ಲ ಶಾಲೆಗಳಿಂದ ಮತ್ತೊಮ್ಮೆ ಅದನ್ನೇ ತರಿಸಿಕೊಂಡರೆ ಸಂಖ್ಯೆ ಹೆಚ್ಚು ನಿಜವಾಗುವುದಿಲ್ಲ.

ಇದರಿಂದ ಆಗುವ ನಷ್ಟ ಎಷ್ಟೆಂದು ತಿಳಿಯಲು ನಲಿ-ಕಲಿ ತರಗತಿಯ ಒಳಗೆ ಬರಬೇಕು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ಐದು ಗುಂಪುಗಳಾಗಿ ಕೂರುತ್ತಾರೆ. ಶಿಕ್ಷಕರ ಪೂರ್ಣ ಬೆಂಬಲದ ಗುಂಪು, ಭಾಗಶಃ ಬೆಂಬಲದ ಗುಂಪು, ಗೆಳೆಯರ ನೆರವಿನ ಎರಡು ಗುಂಪು, ಸ್ವಕಲಿಕೆಯ ಒಂದು ಗುಂಪು. ಹೊಸ ಅಕ್ಷರ, ಹೊಸ ಲೆಕ್ಕ ಕಲಿಯುವ ಮಗು ಇರುವುದು ಮೊದಲನೆಯದರಲ್ಲಿ. ಮೇಷ್ಟ್ರು ಆ ಗುಂಪಿನಿಂದ ಎದ್ದು ಮೊಬೈಲು ಹಿಡಿದರೆ ಉಳಿದ ಗುಂಪುಗಳು ಹೇಗೋ ನಡೆದಾವು, ಆ ಮೊದಲ ಗುಂಪು ಅಲ್ಲೇ ನಿಲ್ಲುತ್ತದೆ. ಅಂದರೆ ಶೀಟು ತುಂಬುವ ಹೊತ್ತಿನ ಬೆಲೆ ತೆರುವುದು ಹೊಸದನ್ನು ಕಲಿಯುತ್ತಿರುವ ಮಗುವೇ. ಏಕೋಪಾಧ್ಯಾಯ ಶಾಲೆಯಲ್ಲಾದರೆ ಇಡೀ ಶಾಲೆಯೇ ನಿಲ್ಲುತ್ತದೆ.

ಆದ್ದರಿಂದ ಒಂದು ಆದೇಶ ಬೇಕು: ಎಸ್‌ಎಟಿಎಸ್‌ನಲ್ಲಿ ಇರುವ ಯಾವುದೇ ಮಾಹಿತಿಯನ್ನು ಯಾವ ಕಚೇರಿಯೂ ಶಾಲೆಯಿಂದ ಮತ್ತೆ ಕೇಳಕೂಡದು. ಬೇಕಾದವರು ತಾವೇ ತೆಗೆದುಕೊಳ್ಳಲಿ. ಅದಕ್ಕೆ ಬೇಕಾದ ಲಾಗಿನ್ ಅಕ್ಷರ ದಾಸೋಹ, ಡಯಟ್, ಸಮಾಜ ಕಲ್ಯಾಣ, ಎಲ್ಲ ಕಚೇರಿಗಳಿಗೂ ಸಿಗಲಿ. ಇಲ್ಲದ ಮಾಹಿತಿ ಬೇಕಿದ್ದರೆ ತಿಂಗಳಿಗೆ ಒಂದು ಗೊತ್ತಾದ ದಿನ ಕ್ಷೇತ್ರ ಶಿಕ್ಷಣಾಧಿಕಾರಿಯವರ ಮೂಲಕವೇ ಬರಲಿ. ಇದಕ್ಕೆ ಹೊಸ ಆ್ಯಪ್ ಬೇಡ. ದಯವಿಟ್ಟು ಬೇಡ.

ಇನ್ನು ಮಗುವಿನ ಹೆಸರಿನ ಪಾಡು. ಒಂದು ಮಗುವಿಗೆ ಇಂದು ಆಧಾರ್, ಎಸ್‌ಎಟಿಎಸ್ ಸಂಖ್ಯೆ, ಯುಡೈಸ್‌ನ ಪೆನ್ ಸಂಖ್ಯೆ, 12 ಅಂಕಿಯ ಅಪಾರ್ ವಿದ್ಯಾರ್ಥಿ ಗುರುತು ಸಂಖ್ಯೆ ಇವೆ. ವಿದ್ಯಾರ್ಥಿವೇತನಕ್ಕೆ ನಾಡಕಚೇರಿ ಕೊಡುವ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬೇಕು. ಹಣ ಬೀಳಬೇಕಾದರೆ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು, ಅದು ಬ್ಯಾಂಕುಗಳ ಪಾವತಿ ನಿಗಮವಾದ ಎನ್‌ಪಿಸಿಐ ಪಟ್ಟಿಯಲ್ಲೂ ಕಾಣಬೇಕು. ಇಷ್ಟು ಕಡೆಯೂ ಹೆಸರು ಹೊಂದಬೇಕು. ಕನ್ನಡದಲ್ಲಿ ಎಲ್ಲ ಕಡೆಯೂ ‘ಮಂಜುನಾಥ’ ಎಂದೇ ಇರುತ್ತದೆ. ತೊಡಕಾಗುವುದು ಇಂಗ್ಲಿಷ್ ಅಕ್ಷರಗಳಲ್ಲಿ. ಒಂದು ಕಡೆ ಕೊನೆಯಲ್ಲಿ ‘ಎ’ ಇದೆ, ಇನ್ನೊಂದು ಕಡೆ ಇಲ್ಲ. ಒಂದರಲ್ಲಿ ಇನಿಷಿಯಲ್ ಮೊದಲು, ಇನ್ನೊಂದರಲ್ಲಿ ಕೊನೆಗೆ, ಮತ್ತೊಂದರಲ್ಲಿ ಅಪ್ಪನ ಪೂರ್ತಿ ಹೆಸರು. ಯಂತ್ರಕ್ಕೆ ಇವು ಮೂವರು ಬೇರೆ ಬೇರೆ ಹುಡುಗರು.

ತಿದ್ದಿಸಲು ಹೊರಟರೆ ಪ್ರತಿಯೊಂದಕ್ಕೂ ಬೇರೆ ಬಾಗಿಲು. ಶಾಲೆಯ ದಾಖಲೆಗೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿ, ಆಧಾರ್‌ಗೆ ನೋಂದಣಿ ಕೇಂದ್ರ, ಪ್ರಮಾಣಪತ್ರಕ್ಕೆ ನಾಡಕಚೇರಿ, ಖಾತೆಗೆ ಬ್ಯಾಂಕು. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಸಲ, ಹುಟ್ಟಿದ ದಿನವನ್ನು ಒಂದೇ ಸಲ ಬದಲಿಸಲು ಅವಕಾಶ. ಆದ್ದರಿಂದ ಯಾವುದನ್ನು ಮೊದಲು ತಿದ್ದಬೇಕು ಎಂಬ ಕ್ರಮ ತಪ್ಪಿದರೆ ಮಗುವಿಗಿದ್ದ ಅವಕಾಶವೂ ಕಳೆದುಹೋಗುತ್ತದೆ. ಕೂಲಿ ಬಿಟ್ಟು ನಾಲ್ಕು ದಿನ ಅಲೆಯುವ ತಾಯಿಗೆ ಈ ಕ್ರಮವನ್ನು ಯಾರೂ ಹೇಳಿಕೊಡುವುದಿಲ್ಲ. ಕೊನೆಗೆ ಆಕೆ ಬಂದು ನಿಲ್ಲುವುದು ಶಾಲೆಯ ಬಾಗಿಲಲ್ಲೇ.

ಸರಿಯಾದ ಕ್ರಮ ಕಷ್ಟದ್ದೇನಲ್ಲ. ಜನನ ಪ್ರಮಾಣಪತ್ರವೇ ತಳಹದಿ. ಒಂದನೇ ತರಗತಿಗೆ ದಾಖಲಿಸುವಾಗ ಅದರಲ್ಲಿರುವ ಇಂಗ್ಲಿಷ್ ಕಾಗುಣಿತವನ್ನೇ ದಾಖಲಾತಿ ವಹಿಗೆ ಇಳಿಸಬೇಕು. ಮೊದಲು ಆಧಾರ್ ಅದಕ್ಕೆ ಹೊಂದಬೇಕು, ಆಮೇಲೆ ಎಸ್‌ಎಟಿಎಸ್ ಮತ್ತು ಯುಡೈಸ್, ಆಮೇಲೆ ಅಪಾರ್, ಕೊನೆಗೆ ಪ್ರಮಾಣಪತ್ರ ಮತ್ತು ಬ್ಯಾಂಕು. ಜೂನ್-ಜುಲೈನಲ್ಲಿ ಹೋಬಳಿಗೊಂದು ಶಾಲೆಯಲ್ಲಿ ಎರಡು ದಿನದ ಶಿಬಿರ ನಡೆದರೆ ಸಾಕು. ಆಧಾರ್ ಯಂತ್ರ, ನಾಡಕಚೇರಿಯ ಆಪರೇಟರ್, ಬ್ಯಾಂಕಿನ ಒಬ್ಬ ಪ್ರತಿನಿಧಿ, ಎಸ್‌ಎಟಿಎಸ್ ತಿದ್ದುವ ಅಧಿಕಾರವಿರುವ ಒಬ್ಬ ಗುಮಾಸ್ತ, ನಾಲ್ವರೂ ಒಂದೇ ಜಗಲಿಯಲ್ಲಿ ಕೂರಬೇಕು. ಮಕ್ಕಳ ಬೆರಳಚ್ಚು ನವೀಕರಣವೂ ಅಲ್ಲೇ ಆಗಲಿ. ಐದು ಮತ್ತು ಹದಿನೈದು ದಾಟಿದವರಿಗೆ ಅದು ಹೇಗೂ ಕಡ್ಡಾಯ. ಶಿಬಿರದ ಹೊಣೆ ತಹಶೀಲ್ದಾರರದಾಗಬೇಕು. ಈ ನಾಲ್ವರನ್ನೂ ಒಂದೆಡೆ ಕರೆಸುವ ಶಕ್ತಿ ಶಿಕ್ಷಣ ಇಲಾಖೆಗಿಲ್ಲ, ಕಂದಾಯ ಇಲಾಖೆಗಿದೆ.

ಹಣದ ವಿಷಯಕ್ಕೆ ಬರೋಣ. ಸಮಗ್ರ ಶಿಕ್ಷಣದ ಸಂಯುಕ್ತ ಶಾಲಾ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ. 30 ಮಕ್ಕಳವರೆಗೆ ವರ್ಷಕ್ಕೆ 10,000 ರೂಪಾಯಿ, 31ರಿಂದ 100ರವರೆಗೆ 25,000, 250ರವರೆಗೆ 50,000, ಸಾವಿರದವರೆಗೆ 75,000, ಅದಕ್ಕೂ ಮೇಲೆ ಒಂದು ಲಕ್ಷ. ಮೊತ್ತ ಸಾಲದು ಎಂಬ ವಾದ ಇದ್ದೇ ಇದೆ, ಅದನ್ನು ಇಲ್ಲಿ ಎತ್ತುವುದಿಲ್ಲ. ಅದು ಬರುವ ಹೊತ್ತಿನ ಬಗ್ಗೆ ನಮ್ಮ ತಕರಾರು. ಶಾಲೆಗೆ ಹಣ ಬೇಕಾಗುವುದು ಮೇ ಕೊನೆಗೆ ಬಾಗಿಲು ತೆರೆದಾಗ: ಹಾಜರಿ ಪುಸ್ತಕ, ಸೀಮೆಸುಣ್ಣ, ಬೀಗ, ಬಲ್ಬು, ಮಳೆಗೆ ಮುಂಚಿನ ರಿಪೇರಿ. ಹಣ ಬರುವುದು ವರ್ಷದ ಕೊನೆಯಲ್ಲಿ. ಅದೂ ಈಗ ಶಾಲೆಯ ಖಾತೆಯಲ್ಲಿ ನಿಲ್ಲುವ ಹಣವಲ್ಲ, ಸರ್ಕಾರಿ ಹಣ ಪಾವತಿಯ ತಂತ್ರಾಂಶವಾದ ಪಿಎಫ್‌ಎಂಎಸ್‌ನಲ್ಲಿ ಕಾಣುವ ಖರ್ಚಿನ ಮಿತಿ ಮಾತ್ರ. ಮಾರ್ಚ್ 31ರೊಳಗೆ ಮುಗಿಸದಿದ್ದರೆ ಮಿತಿ ವಾಪಸ್. ಹೀಗಾಗಿ ಶಾಲಾಭಿವೃದ್ಧಿ ಸಮಿತಿ ಕೂತು ಯೋಚಿಸಿ ಮಾಡಬೇಕಾದ ಖರ್ಚು, ಮಾರ್ಚ್ ಕೊನೆಯಲ್ಲಿ ಸಿಕ್ಕ ಅಂಗಡಿಯಲ್ಲಿ ಸಿಕ್ಕ ಸಾಮಾನು ಕೊಳ್ಳುವ ಗಡಿಬಿಡಿಯಾಗುತ್ತದೆ. ಅಲ್ಲಿಯವರೆಗಿನ ಒಂಬತ್ತು ತಿಂಗಳ ಸೀಮೆಸುಣ್ಣ ಮೇಷ್ಟ್ರ ಜೇಬಿನಿಂದ. ಇದನ್ನು ಔದಾರ್ಯವೆಂದು ಸನ್ಮಾನ ಸಮಾರಂಭಗಳಲ್ಲಿ ಹೊಗಳುವುದುಂಟು.

ಶಿಕ್ಷಣ ಹಕ್ಕು ಕಾಯ್ದೆಯ 22ನೇ ಕಲಂ ಪ್ರಕಾರ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಶಾಲಾ ಅಭಿವೃದ್ಧಿ ಯೋಜನೆ ಬರೆಯಬೇಕು, ಅನುದಾನಕ್ಕೆ ಆ ಯೋಜನೆಯೇ ಆಧಾರವಾಗಬೇಕು. ಯೋಜನೆ ಬರೆದೇ ಬರೆಯುತ್ತಾರೆ. ಅದನ್ನು ನೋಡಿ ಹಣ ಕೊಟ್ಟ ಕಚೇರಿ ಮಾತ್ರ ಕಾಣಸಿಗುವುದಿಲ್ಲ. ಕೇಂದ್ರದ ಕಂತು ತಡವಾಗುತ್ತದೆ ಎಂಬುದು ನಿಜ. ಹಾಗಿದ್ದರೆ ರಾಜ್ಯದ ಪಾಲನ್ನಾದರೂ ಜೂನ್ 15ರೊಳಗೆ ಮುಂಗಡವಾಗಿ ಬಿಡುಗಡೆ ಮಾಡಿ, ಆಮೇಲೆ ಹೊಂದಿಸಿಕೊಳ್ಳಲು ಆರ್ಥಿಕ ಇಲಾಖೆಗೆ ತಾವು ಸೂಚಿಸಬಹುದು.

ಮೊಟ್ಟೆಯದೂ ಇಂಥದೇ ಕತೆ, ಸ್ವಲ್ಪ ಚಿಕ್ಕದು. 2024ರ ಸೆಪ್ಟೆಂಬರ್‌ನಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವು ಸೇರಿ ವಾರಕ್ಕೆ ಆರು ದಿನ ಮೊಟ್ಟೆ ಸಿಗುತ್ತಿದೆ. ಒಳ್ಳೆಯ ಕೆಲಸ, ಎರಡು ಮಾತಿಲ್ಲ. ಆದರೆ ಒಂದು ಮೊಟ್ಟೆಗೆ ನಿಗದಿಯಾದದ್ದು 6 ರೂಪಾಯಿ. ಅದರಲ್ಲೇ ಸಾಗಣೆ, ಬೇಯಿಸುವ ಗ್ಯಾಸು, ಸುಲಿಯುವ ಕೂಲಿ ಎಲ್ಲ ಸೇರಿದೆ. ಅಂಗಡಿಯಲ್ಲಿ ಮೊಟ್ಟೆಯ ಬೆಲೆಯೇ ಆರು ದಾಟಿದ ದಿನ ಉಳಿದದ್ದನ್ನು ಯಾರು ಕೊಡಬೇಕು? ಮೊಟ್ಟೆಗೆ ಒಂದು ರೂಪಾಯಿ ಕೊರತೆಯಾದರೂ 80 ಮಕ್ಕಳ ಶಾಲೆಗೆ ವಾರಕ್ಕೆ 480 ರೂಪಾಯಿ, ತಿಂಗಳಿಗೆ ಹತ್ತಿರಹತ್ತಿರ ಎರಡು ಸಾವಿರ. ಮೊಟ್ಟೆಯ ಸಗಟು ದರ ಬೆಂಗಳೂರು, ಮೈಸೂರು, ಹೊಸಪೇಟೆಗಳಿಗೆ ದಿನವೂ ಪ್ರಕಟವಾಗುತ್ತದೆ. ಆಯಾ ತಿಂಗಳ ಸರಾಸರಿ ದರಕ್ಕೆ ಒಂದು ಗೊತ್ತಾದ ಮೊತ್ತ ಸೇರಿಸಿ ಕೊಡಿ, ಮುಗಿಯಿತು. ದರ ಇಳಿದರೆ ಸರ್ಕಾರಕ್ಕೇ ಉಳಿತಾಯ.

ಕಟ್ಟಡದ ಸಮಸ್ಯೆ ಇವೆಲ್ಲಕ್ಕಿಂತ ಹಳೆಯದು. ಒಂದೇ ಆವರಣದಲ್ಲಿ ಜಿಲ್ಲಾ ಪಂಚಾಯಿತಿ ಕಟ್ಟಿಸಿದ ಹೆಂಚಿನ ಕೊಠಡಿ, ಸರ್ವ ಶಿಕ್ಷಣ ಅಭಿಯಾನದ ಕಾಲದ ಆರ್‌ಸಿಸಿ, ನಬಾರ್ಡ್ ಸಾಲದಲ್ಲಿ ಎದ್ದ ಎರಡು ಕೊಠಡಿ, ನಿರ್ಮಿತಿ ಕೇಂದ್ರದ ಅಡುಗೆ ಕೋಣೆ, ಶಾಸಕರ ನಿಧಿಯ ವೇದಿಕೆ, ನರೇಗಾದ ಕಾಂಪೌಂಡು, ಇತ್ತೀಚಿನ ವಿವೇಕ ಯೋಜನೆಯ ಕೊಠಡಿ ಎಲ್ಲ ಇರಬಹುದು. ಕಟ್ಟಿದವರು ಉದ್ಘಾಟನೆಯ ದಿನ ಬಂದು ಹೋದರು. ಕೊಠಡಿಯನ್ನು ಶಾಲೆಗೆ ಕಾಗದದ ಮೇಲೆ ಹಸ್ತಾಂತರಿಸಿದ ದಾಖಲೆ ಇರುವುದು ಅಪರೂಪ. ದೋಷ ಹೊಣೆಗಾರಿಕೆಯ ಅವಧಿ ಮುಗಿಯುವವರೆಗೆ ಗುತ್ತಿಗೆದಾರರೇ ಸರಿಪಡಿಸಿಕೊಡಬೇಕೆಂಬ ನಿಯಮವಿದೆ. ಆ ಅವಧಿ ಎಂದು ಶುರುವಾಯಿತು, ಎಂದು ಮುಗಿಯುತ್ತದೆ ಎಂಬುದು ಮುಖ್ಯಶಿಕ್ಷಕರಿಗೆ ಗೊತ್ತಿದ್ದರೆ ತಾನೇ ಕೇಳುವುದು!

ತಾರಸಿ ಹಾಳಾಗುವ ಬಗೆ ಎಲ್ಲ ಕಡೆಯೂ ಒಂದೇ. ಎಲೆ ತುಂಬಿ ನೀರು ಇಳಿಯುವ ಪೈಪು ಕಟ್ಟಿಕೊಳ್ಳುತ್ತದೆ. ತಾರಸಿಯ ಮೇಲೆ ನೀರು ನಿಂತು ಕಾಂಕ್ರೀಟಿನೊಳಗೆ ಜಿನುಗುತ್ತದೆ. ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಕಾಂಕ್ರೀಟಿನ ಚಕ್ಕೆಗಳು ಮಕ್ಕಳ ತಲೆಯ ಮೇಲೆ ಉದುರುತ್ತವೆ. ಹೆಂಚಿನ ಮಾಡಾದರೆ ಒಂದು ಹೆಂಚು ಜಾರಿದ್ದು ಸಾಕು, ರೀಪು ಕೊಳೆತು ಗೆದ್ದಲು ಪಕಾಸಿಗೆ ಏರುತ್ತದೆ. ಎರಡನ್ನೂ ಮೇ ತಿಂಗಳಲ್ಲಿ ಒಂದು ದಿನದ ಕೂಲಿಯಲ್ಲಿ ತಡೆಯಬಹುದು. ಆ ಕೂಲಿಗೆ ಮೇ ತಿಂಗಳಲ್ಲಿ ಹಣವಿರುವುದಿಲ್ಲ. ಅನುದಾನದ ಹೊತ್ತಿನ ಬಗ್ಗೆ ಮೇಲೆ ಹೇಳಿದ್ದು ಇದಕ್ಕೇ. ಕೊಠಡಿ ಪೂರ್ತಿ ಶಿಥಿಲವಾದ ಮೇಲೆ ಅದನ್ನು ಕೆಡವಲು ಎಂಜಿನಿಯರರ ವರದಿ, ಜಿಲ್ಲಾ ಪಂಚಾಯಿತಿಯ ಒಪ್ಪಿಗೆ, ಹಳೆ ಸಾಮಾನಿನ ಹರಾಜು, ಇಷ್ಟಾಗಬೇಕು. ಅಲ್ಲಿಯವರೆಗೆ ಬಾಗಿಲಿಗೆ ಬೀಗ, ಗೋಡೆಯ ಮೇಲೆ ‘ಅಪಾಯ’ ಎಂಬ ಸುಣ್ಣದ ಬರಹ, ಅದರ ನೆರಳಲ್ಲೇ ಮಕ್ಕಳ ಆಟ.

ಪ್ರತಿ ಕೊಠಡಿಗೂ ಒಂದು ಸಂಖ್ಯೆ ಕೊಟ್ಟು, ಕಟ್ಟಿದ ಸಂಸ್ಥೆ, ವರ್ಷ, ವೆಚ್ಚ, ದೋಷ ಹೊಣೆಗಾರಿಕೆ ಮುಗಿಯುವ ದಿನ, ಈಗ ರಿಪೇರಿಗೆ ಹೊಣೆಯಾದ ಎಂಜಿನಿಯರರ ಹುದ್ದೆ, ಇಷ್ಟನ್ನು ಗೋಡೆಯ ಮೇಲೆ ಬರೆಸಿ. ತಾಲ್ಲೂಕಿನ ಎಲ್ಲ ಶಾಲಾ ಕಟ್ಟಡಗಳ ನಿರ್ವಹಣೆಗೆ, ಕಟ್ಟಿದವರು ಯಾರೇ ಇರಲಿ, ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ ಒಬ್ಬರೇ ಅಧಿಕಾರಿ ಉತ್ತರ ಕೊಡುವಂತಾಗಲಿ.

ಶೌಚಾಲಯದ ಬಗ್ಗೆ ಒಂದು ಲೆಕ್ಕ ಹೇಳಿ ಮುಂದೆ ಹೋಗುತ್ತೇವೆ. ಸಂಯುಕ್ತ ಅನುದಾನದಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ ಎಂದಿದೆ. 90 ಮಕ್ಕಳ ಶಾಲೆಗೆ ಅದು ವರ್ಷಕ್ಕೆ 2,500 ರೂಪಾಯಿ, ತಿಂಗಳಿಗೆ 208. ಈ ದುಡ್ಡಿಗೆ ಯಾರು ಬಂದು ದಿನವೂ ಶೌಚಾಲಯ ತೊಳೆದಾರು? ಹಳ್ಳಿಯ ಪ್ರಾಥಮಿಕ ಶಾಲೆಗಳಲ್ಲಿ ಆ ಕೆಲಸಕ್ಕೆ ಜನವಿಲ್ಲ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಶೌಚಗುಂಡಿಗೆ ಇಳಿಸಿದ ಪ್ರಕರಣ ರಾಜ್ಯವನ್ನೇ ತಲೆತಗ್ಗಿಸುವಂತೆ ಮಾಡಿತು. ತಪ್ಪಿತಸ್ಥರ ಮೇಲೆ ಕ್ರಮವಾಯಿತು, ಆಗಬೇಕಾದದ್ದೇ. ಮಕ್ಕಳಿಂದ ಶೌಚಾಲಯ ತೊಳೆಸಬಾರದೆಂಬ ಸುತ್ತೋಲೆಗಳೂ ಇವೆ. ಹಾಗಾದರೆ ಯಾರು ತೊಳೆಯಬೇಕು ಎಂಬುದನ್ನು ಆ ಸುತ್ತೋಲೆಗಳು ಹೇಳುವುದಿಲ್ಲ. ಗ್ರಾಮ ಪಂಚಾಯಿತಿಯ ಸ್ವಚ್ಛತಾ ಸಿಬ್ಬಂದಿಯ ದಿನದ ಸುತ್ತಿನಲ್ಲಿ ಸರಿಯಾದ ಉಪಕರಣ, ಸರಿಯಾದ ಕೂಲಿಯೊಂದಿಗೆ ಶಾಲೆಯನ್ನೂ ಸೇರಿಸುವ ಆದೇಶವನ್ನು ಗ್ರಾಮೀಣಾಭಿವೃದ್ಧಿ ಇಲಾಖೆಯೇ ಕೊಡಬೇಕು.

ಮೇಲೆ ಕೂತವರು ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಒಂದು ಉದಾಹರಣೆಯನ್ನೂ ಹೇಳಬೇಕು. 2023ರ ರಾಜ್ಯೋತ್ಸವದಂದು ಸರ್ಕಾರಿ ಶಾಲೆಗಳಿಗೆ ವಿದ್ಯುತ್ ಮತ್ತು ನೀರು ಉಚಿತವೆಂದು ಮುಖ್ಯಮಂತ್ರಿಗಳು ಘೋಷಿಸಿದರು. ಕರೆಂಟಿನ ಬಿಲ್ಲು ಹಿಡಿದು ಎಸ್ಕಾಂ ಕೌಂಟರಿನ ಮುಂದೆ ಮುಖ್ಯಶಿಕ್ಷಕರು ನಿಲ್ಲಬೇಕಿಲ್ಲ, ಲೆಕ್ಕವನ್ನು ಇಲಾಖೆಗಳೇ ತಮ್ಮತಮ್ಮಲ್ಲಿ ನೋಡಿಕೊಳ್ಳಲಿ ಎಂಬುದು ಅದರ ತಿರುಳು. ನಾವು ಕೇಳುತ್ತಿರುವುದು ಇದನ್ನೇ, ಉಳಿದ ವಿಷಯಗಳಿಗೂ.

ಈಗ ಅತಿ ಮುಖ್ಯವಾದದ್ದು, ಶಾಲೆಯ ದಿನಗಳು. ಶಿಕ್ಷಣ ಹಕ್ಕು ಕಾಯ್ದೆ ಹೇಳುವಂತೆ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ದಿನ, ಆರರಿಂದ ಎಂಟಕ್ಕೆ 220 ದಿನ ಪಾಠ ನಡೆಯಬೇಕು. ಅದೇ ಕಾಯ್ದೆಯ 27ನೇ ಕಲಂ ಶಿಕ್ಷಕರನ್ನು ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಈ ಮೂರಕ್ಕಷ್ಟೇ ಬಿಡುತ್ತದೆ. 2025ರಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಸೆಪ್ಟೆಂಬರ್ 22ಕ್ಕೆ ಶುರುವಾಗಿ ಅಕ್ಟೋಬರ್ 7ಕ್ಕೆ ಮುಗಿಯಬೇಕಿತ್ತು, ದಸರಾ ರಜೆಯೊಳಗೇ. ಮುಗಿಯಲಿಲ್ಲ. ಅಕ್ಟೋಬರ್ 8ರಿಂದ 18ರವರೆಗೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ರಜೆ ಕೊಟ್ಟು ಶಿಕ್ಷಕರನ್ನು ಮತ್ತೆ ಮನೆಮನೆಗೆ ಕಳಿಸಲಾಯಿತು. ಅದು ಮುಗಿಯುತ್ತಿದ್ದಂತೆ ದೀಪಾವಳಿ.

ಸಮೀಕ್ಷೆ ಬೇಡವಾಗಿತ್ತು ಎನ್ನುವುದು ನಮ್ಮ ವಾದವಲ್ಲ. ನಮ್ಮದು ಎರಡೇ ಪ್ರಶ್ನೆ. ಹದಿನಾರು ದಿನದಲ್ಲಿ ಮುಗಿಯುತ್ತದೆಂದು ಲೆಕ್ಕ ಹಾಕುವಾಗ ಸರ್ವರ್ ನಿಂತರೆ, ನೆಟ್‌ವರ್ಕ್ ಸಿಗದಿದ್ದರೆ ಏನು ಮಾಡುವುದೆಂಬುದನ್ನು ಯಾರಾದರೂ ಶಿಕ್ಷಣ ಇಲಾಖೆಯ ಜೊತೆ ಕೂತು ಮಾತಾಡಿದ್ದರೇ? ಎರಡನೆಯದು ನೋವಿನದು. ಖಾಸಗಿ ಶಾಲೆಗಳ ಮಕ್ಕಳು ತರಗತಿಯಲ್ಲಿದ್ದ ಅಷ್ಟೂ ದಿನ ಸರ್ಕಾರಿ ಶಾಲೆಯ ಮಕ್ಕಳು ಮನೆಯಲ್ಲಿದ್ದರು. ಯಾವ ಸಮುದಾಯಗಳು ಶಿಕ್ಷಣದಲ್ಲಿ ಹಿಂದುಳಿದಿವೆ ಎಂದು ಎಣಿಸಲು ಆ ಸಮುದಾಯಗಳ ಮಕ್ಕಳ ಶಾಲೆಯನ್ನೇ ಮುಚ್ಚಿದೆವು.

2024ರ ಮಾರ್ಚ್‌ನಲ್ಲೂ ಇದೇ ಆಯಿತು, ಕಾರಣ ಮಾತ್ರ ಬೇರೆ. 5, 8, 9ನೇ ತರಗತಿಗಳ ಮಂಡಳಿ ಪರೀಕ್ಷೆ ಮಾರ್ಚ್ 11ಕ್ಕೆ ಆರಂಭವಾಯಿತು. ಮರುದಿನ ಸುಪ್ರೀಂ ಕೋರ್ಟಿನ ತಡೆ. ಉಳಿದ ವಿಷಯಗಳು ಹೈಕೋರ್ಟಿನ ಅನುಮತಿ ಬಂದ ಮೇಲೆ 25ರಿಂದ. ಏಪ್ರಿಲ್ 8ಕ್ಕೆ ಫಲಿತಾಂಶಕ್ಕೂ ತಡೆ. ಹತ್ತು ವರ್ಷದ ಮಗುವಿಗೆ ನಾಳೆ ಪರೀಕ್ಷೆ ಇದೆಯೋ ಇಲ್ಲವೋ ಎಂದು ಮೇಷ್ಟ್ರಿಗೂ ಹೇಳಲಾಗದ ಸ್ಥಿತಿ. ಇದು ಅಚಾನಕ್ಕಾಗಿ ಬಂದ ಅಡ್ಡಿಯೂ ಅಲ್ಲ. ಹಿಂದಿನ ವರ್ಷ, 2023ರ ಮಾರ್ಚ್‌ನಲ್ಲಿ, ಇಂಥದೇ ಪರೀಕ್ಷೆಯ ಸುತ್ತೋಲೆಗಳನ್ನು ಹೈಕೋರ್ಟಿನ ಏಕಸದಸ್ಯ ಪೀಠ ರದ್ದು ಮಾಡಿ, ಮೇಲ್ಮನವಿಯಲ್ಲಿ ಪರೀಕ್ಷೆ ಪಾರಾಗಿತ್ತು. ಒಂದು ವರ್ಷದ ಸಮಯವಿತ್ತು. ಕಾನೂನು ಇಲಾಖೆ, ಪರೀಕ್ಷಾ ಮಂಡಳಿ, ಶಿಕ್ಷಣ ಇಲಾಖೆ ಮೂವರೂ ಕೂತು ನಿಯಮಗಳನ್ನು ಕ್ರಮಬದ್ಧವಾಗಿ ರೂಪಿಸಿ ಜೂನ್‌ನಲ್ಲೇ ಪ್ರಕಟಿಸಬಹುದಿತ್ತು.

ಒಂದನೇ ತರಗತಿಗೆ ಸೇರುವ ವಯಸ್ಸಿನ ವಿಷಯವೂ ಇದೇ ದಾರಿ ಹಿಡಿಯಿತು. ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ ಆದೇಶ ಬಂದದ್ದು 2022ರಲ್ಲಿ, ಜಾರಿ 2025-26ಕ್ಕೆ ಎಂದು. ಮೂರು ವರ್ಷ ಕಾದು, ಜಾರಿಯ ಹೊಸ್ತಿಲಲ್ಲಿ, 2025ರ ಏಪ್ರಿಲ್‌ನಲ್ಲಿ ಆ ವರ್ಷಕ್ಕೆ ಮಾತ್ರ ಐದು ವರ್ಷ ಐದು ತಿಂಗಳು ಎಂದು ಸಡಿಲಿಸಲಾಯಿತು. ಆದೇಶ ನಂಬಿ ಮಗುವನ್ನು ಒಂದು ವರ್ಷ ತಡೆದಿಟ್ಟ ತಂದೆತಾಯಿಗೆ ಏನು ಹೇಳುವುದು? ಅಂಗನವಾಡಿ ಒಂದು ಇಲಾಖೆಯಲ್ಲಿ, ಶಾಲೆಯ ಎಲ್‌ಕೆಜಿ ಇನ್ನೊಂದರಲ್ಲಿ ಇರುವವರೆಗೆ ಈ ಗೊಂದಲ ತಪ್ಪುವುದಿಲ್ಲ. ನಾಲ್ಕು ವರ್ಷದ ಅದೇ ಮಗುವನ್ನು ಎರಡೂ ಕಡೆಯ ಹಾಜರಿಗೆ ಎಳೆಯುವ ಪೈಪೋಟಿ 2024ರ ಜೂನ್‌ನಲ್ಲಿ ಬೀದಿಗೂ ಬಂತು. ಹಳ್ಳಿ ಹಳ್ಳಿಯಲ್ಲಿ ಎಲ್ಲಿ ಅಂಗನವಾಡಿ, ಎಲ್ಲಿ ಎಲ್‌ಕೆಜಿ ಎಂದು ಎರಡೂ ಇಲಾಖೆಗಳು ಒಂದೇ ಪಟ್ಟಿಗೆ ಸಹಿ ಹಾಕಬೇಕು.

ಶೈಕ್ಷಣಿಕ ವೇಳಾಪಟ್ಟಿ ಪ್ರತಿವರ್ಷವೂ ಪ್ರಕಟವಾಗುತ್ತದೆ. ಆದರೆ ಅದು ಶಿಕ್ಷಣ ಇಲಾಖೆಯ ವೇಳಾಪಟ್ಟಿ, ಬೇರೆ ಇಲಾಖೆಗಳಿಗೆ ಅದು ಕಟ್ಟಲ್ಲ. ಆದ್ದರಿಂದ ಅದು ತಮ್ಮ ಸಹಿಯಲ್ಲಿ, ಎಲ್ಲ ಇಲಾಖೆಗಳಿಗೂ ಅನ್ವಯಿಸುವ ಸರ್ಕಾರಿ ಆದೇಶವಾಗಿ, ಪ್ರತಿವರ್ಷ ಏಪ್ರಿಲ್ 10ರೊಳಗೆ ಹೊರಬರಲಿ ಎಂದು ಕೋರುತ್ತೇವೆ. ಪರೀಕ್ಷೆ, ತರಬೇತಿ, ವರ್ಗಾವಣೆಯ ಕೌನ್ಸೆಲಿಂಗ್, ಪ್ರತಿಭಾ ಕಾರಂಜಿ, ಕ್ರೀಡಾಕೂಟ, ಎಲ್ಲದಕ್ಕೂ ದಿನ ಅದರಲ್ಲೇ ಇರಲಿ. ವರ್ಗಾವಣೆ ಶಾಲೆ ತೆರೆಯುವ ಮುನ್ನ ಮುಗಿಯಲಿ. ಅಕ್ಟೋಬರ್‌ನಲ್ಲಿ ಗಣಿತದ ಮೇಷ್ಟ್ರು ಹೊರಟುಹೋದರೆ ಅವರ ಜಾಗಕ್ಕೆ ಅತಿಥಿ ಶಿಕ್ಷಕರು ಬರುವಷ್ಟರಲ್ಲಿ ಅರ್ಧವಾರ್ಷಿಕ ಪರೀಕ್ಷೆ ದಾಟಿರುತ್ತದೆ. ಯಾವ ಇಲಾಖೆ ಶಿಕ್ಷಕರನ್ನು ಬೇರೆ ಕೆಲಸಕ್ಕೆ ಕೇಳಿದರೂ ಎಷ್ಟು ಜನ, ಎಷ್ಟು ದಿನ, ಕಳೆದುಹೋಗುವ ಪಾಠದ ದಿನಗಳನ್ನು ಎಲ್ಲಿ ತುಂಬುವುದು ಎಂದು ಬರೆದು ತಮ್ಮ ಒಪ್ಪಿಗೆ ಪಡೆಯಲಿ. ಮತದಾರರ ಪಟ್ಟಿ ನೋಡಿಕೊಳ್ಳುವ ಬಿಎಲ್‌ಒ ಕೆಲಸ ಚುನಾವಣೆಯ ಹೆಸರಿನಲ್ಲಿ ಈಗ ವರ್ಷವಿಡೀ ನಡೆಯುತ್ತಿದೆ. ಏಕೋಪಾಧ್ಯಾಯ ಶಾಲೆಯವರನ್ನಾದರೂ ಅದರಿಂದ ಬಿಡಿಸಿ.

ಇನ್ನೊಂದು ಕೋರಿಕೆ. 2011ರ ಸಕಾಲ ಕಾಯ್ದೆ ನಾಗರಿಕನ ಅರ್ಜಿಗೆ ಗಡುವು ಹಾಕಿತು. ಆದಾಯ ಪ್ರಮಾಣಪತ್ರ ಇಷ್ಟು ದಿನದಲ್ಲಿ ಸಿಗಲೇಬೇಕು ಎಂದು ಜನ ಇಂದು ಧೈರ್ಯವಾಗಿ ಕೇಳುತ್ತಾರೆ. ಆದರೆ ಶಾಲೆ ಕೊಟ್ಟ ಅರ್ಜಿಗೆ ಯಾವ ಗಡುವೂ ಇಲ್ಲ. ತಾರಸಿ ಸೋರುತ್ತಿದೆ ಎಂದು ಎಂಜಿನಿಯರರಿಗೆ, ನಲ್ಲಿಯಲ್ಲಿ ನೀರಿಲ್ಲ ಎಂದು ಪಂಚಾಯಿತಿಯ ಪಿಡಿಒಗೆ, ಅಂಗಳದ ಮೇಲೆ ಹಾದ ತಂತಿ ಜೋತಿದೆ ಎಂದು ಎಸ್ಕಾಂಗೆ ಬರೆದ ಪತ್ರಗಳ ಕಚೇರಿ ಪ್ರತಿಗಳು ಶಾಲೆಯ ಬೀರುವಿನಲ್ಲಿ ದಪ್ಪವಾಗುತ್ತಿವೆ. ಶಾಲೆಯನ್ನೂ ಒಬ್ಬ ಅರ್ಜಿದಾರನೆಂದು ಎಣಿಸಿ ಸಕಾಲದಂಥದೇ ಸಂಖ್ಯೆ, ಅಂಥದೇ ಗಡುವು ಕೊಡಿ. ಜೋತ ತಂತಿಗೆ 24 ಗಂಟೆ, ನೀರಿಗೆ ಮೂರು ದಿನ, ಕಟ್ಟಡದ ತಪಾಸಣೆಗೆ 15 ದಿನ. ಮೀರಿದರೆ ಅರ್ಜಿ ತಾನಾಗಿಯೇ ಮೇಲಿನ ಅಧಿಕಾರಿಗೆ ಹೋಗಲಿ.

ಇವನ್ನೆಲ್ಲ ನೋಡಿಕೊಳ್ಳಲು ಹೊಸ ಪ್ರಾಧಿಕಾರ ಕಟ್ಟುವುದು ಬೇಡ. ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಯ ಕೋಣೆಯಲ್ಲಿ ತಿಂಗಳಿಗೊಮ್ಮೆ ಕ್ಷೇತ್ರ ಶಿಕ್ಷಣಾಧಿಕಾರಿ, ಸಮನ್ವಯಾಧಿಕಾರಿ, ಅಂಗನವಾಡಿಗಳ ಹೊಣೆಯ ಸಿಡಿಪಿಒ, ಅಕ್ಷರ ದಾಸೋಹ, ಎಂಜಿನಿಯರಿಂಗ್ ವಿಭಾಗ, ಎಸ್ಕಾಂ, ಕಂದಾಯ ಇಲಾಖೆಯವರು ಎರಡು ಗಂಟೆ ಕೂತರೆ ಸಾಕು. ಮುಖ್ಯಶಿಕ್ಷಕರನ್ನು ಆ ಸಭೆಗೆ ಕರೆಯಬೇಡಿ, ಅವರು ತರಗತಿಯಲ್ಲಿರಲಿ. ಅವರ ಅರ್ಜಿಗಳು ಮಾತ್ರ ಅಲ್ಲಿಗೆ ಬರಲಿ, ನಡಾವಳಿಯನ್ನು ಪಂಚಾಯಿತಿ ಕಚೇರಿಯ ಹೊರಗೆ ಅಂಟಿಸಲಿ.

ರಾಜ್ಯದ ಎಲ್ಲ ತಾಲ್ಲೂಕುಗಳಲ್ಲಿ ಒಮ್ಮೆಗೇ ಬೇಕೆಂದು ನಾವು ಕೇಳುತ್ತಿಲ್ಲ. ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ವಿಭಾಗಗಳಲ್ಲಿ ಒಂದೊಂದು ತಾಲ್ಲೂಕನ್ನು, ಆದಷ್ಟು ಮಟ್ಟಿಗೆ ಏಕೋಪಾಧ್ಯಾಯ ಶಾಲೆಗಳು ಹೆಚ್ಚಿರುವುದನ್ನೇ, ಆರಿಸಿಕೊಂಡು ಒಂದು ವರ್ಷ ನಡೆಸಿ ನೋಡಿ. ಆ ತಾಲ್ಲೂಕುಗಳಲ್ಲಿ ಒಬ್ಬ ಶಿಕ್ಷಕರಿಗೆ ತಿಂಗಳಿಗೆ ಎಷ್ಟು ಸುತ್ತೋಲೆ, ಎಷ್ಟು ಶೀಟು ಬಂದವು, ಶಾಲೆಯ ಎಷ್ಟು ಅರ್ಜಿ ಗಡುವಿನೊಳಗೆ ಮುಗಿದವು ಎಂಬ ಲೆಕ್ಕವನ್ನು ಸಾರ್ವಜನಿಕರ ಮುಂದಿಡಿ.

ಈ ಪತ್ರವನ್ನು ‘ಸೂಕ್ತ ಕ್ರಮಕ್ಕಾಗಿ’ ಎಂದು ಶಿಕ್ಷಣ ಇಲಾಖೆಗೆ ರವಾನಿಸಬೇಡಿ ಎಂಬುದು ಕೊನೆಯ ವಿನಂತಿ. ಅಲ್ಲಿಂದ ಅದು ಆಯುಕ್ತರಿಗೆ, ಉಪನಿರ್ದೇಶಕರಿಗೆ, ಕ್ಷೇತ್ರ ಶಿಕ್ಷಣಾಧಿಕಾರಿಗೆ ಇಳಿದು, ‘ಈ ಬಗ್ಗೆ ತಮ್ಮ ಶಾಲೆಯ ವರದಿಯನ್ನು ಇಂದೇ ಸಲ್ಲಿಸಿ’ ಎಂಬ ಒಕ್ಕಣೆಯೊಂದಿಗೆ ಮುಖ್ಯಶಿಕ್ಷಕರ ವಾಟ್ಸ್‌ಆ್ಯಪ್‌ಗೇ ಬಂದು ಬೀಳುತ್ತದೆ.

ಗೌರವಪೂರ್ವಕವಾಗಿ,
ಸರ್ಕಾರಿ ಶಾಲೆಗಳ ಹಿತೈಷಿಗಳು